ಜಾಗ ಸಿಗದ ತುಂಡು

ಸಿಗ್ರಿಡ್,

ಇವತ್ತೂ ಪ್ರಬಂಧ ತಿದ್ದಿ ತಿದ್ದಿ ಕಣ್ಣು ಸೋತಿದೆ. ನಮ್ಮ ಬರವಣಿಗೆ ಕೇಂದ್ರಕ್ಕೆ ಕೊನೆಗೆ ಬಂದವನು ಲೈಲ್. ಮಿನೆಸೋಟದ ಸರೋವರಗಳ ಮಂಜುಗಡ್ಡೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾನೆ. ನೀವು ನನಗೆ ಕಲಿಸಿದಂತೆ, ಅವನ ಅಧ್ಯಾಯವನ್ನು ಕತ್ತರಿಯಿಂದ ಪ್ಯಾರಾ ಪ್ಯಾರಾ ಕತ್ತರಿಸಿ, ಕಲಸಿ, ಮತ್ತೆ ಜೋಡಿಸಲು ಹೇಳಿದೆ. ಒಂದು ತುಂಡಿಗೆ ಮಾತ್ರ ಎಲ್ಲೂ ಜಾಗ ಸಿಗಲಿಲ್ಲ: ಅವನ ಅಜ್ಜ ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಿದ್ದ ಕಥೆ.

"ಅಯ್ಯೋ, ಇಡೀ ಚಾಪ್ಟರಲ್ಲಿ ಚೆನ್ನಾಗಿರೋದು ಇದೊಂದೇ ಕಣ್ರೀ!" ಎಂದ.

"ಚೆನ್ನಾಗಿದ್ರೆ ಜೇಬಲ್ಲಿಟ್ಕೋ ಮಾರಾಯ. ಚಾಪ್ಟರಿಗೆ ಬೇಡ," ಎಂದೆ. ನಿಮ್ಮದೇ ಮಾತು. ಗೊಣಗುತ್ತ ಜೇಬಿಗಿಟ್ಟುಕೊಂಡು ಹೋದ.

ನಾಳೆ ನಿಮ್ಮ ಶ್ರದ್ಧಾಂಜಲಿ ಸಭೆ. ನನ್ನ ಭಾಷಣವನ್ನೂ ಕತ್ತರಿಸಿ, ನಿಮ್ಮ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಸಭೆಗೆ ಸಲ್ಲುವುದು ಒಂದೇ ತುಂಡು. ಮಿಕ್ಕವೆಲ್ಲ ನಿಮಗೊಬ್ಬರಿಗೇ ಹೇಳುವಂಥವು.

ನನ್ನ ಕೋಟಿನಲ್ಲಿ ಅಷ್ಟೊಂದು ಜೇಬುಗಳಿಲ್ಲ.