ಶಾಲೆ ತಪ್ಪಿಸಿ ಹೋದ ವಾರ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ರೀ,

ಪತ್ರದಲ್ಲಿ ನಿಮ್ಮನ್ನು ಏನೆಂದು ಕರೆಯುವುದು ಎಂದು ತಿಳಿಯದೆ ಎರಡು ಹಾಳೆ ಹಾಳಾದವು. ಕೊನೆಗೆ ಮನೆಯಲ್ಲಿ ಕರೆಯುವ ಹಾಗೆಯೇ ಕರೆದಿದ್ದೇನೆ. ಹೇಗಿದ್ದೀರಿ? ಕಿವಿಯೊಳಗಿನ ಗುಂಯ್ ಎನ್ನುವ ಸದ್ದು ಕಡಿಮೆಯಾಯಿತೆ? ಹಡಗಿನ ಎಂಜಿನ್ ಕೋಣೆಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತೇನೆ ಎಂದು ನೀವು ಹೇಳಿದಾಗಲೆಲ್ಲ ನನಗೆ ಅನುಮಾನ; ನಾನು ಮಾತಾಡಿದರೆ ‘ಆಂ?’ ಎನ್ನುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಅದು ಹೆಂಡತಿಯ ಮಾತಿಗೆ ಮಾತ್ರ ಬರುವ ಕಿವುಡು, ಮಾವನಿಗೂ ಇತ್ತು ಎಂದು ನಿಮ್ಮ ಅಮ್ಮ ಹೇಳುತ್ತಾರೆ. ಅವರ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ. ಗುಂಡನಿಗೆ ಮುಂದಿನ ಹಲ್ಲು ಅಲ್ಲಾಡುತ್ತಿದೆ, ಕಂಡಕಂಡವರಿಗೆಲ್ಲ ಅಲ್ಲಾಡಿಸಿ ತೋರಿಸುತ್ತಾನೆ. ದೊಡ್ಡವಳು ನನ್ನ ಭುಜಕ್ಕೆ ಬಂದಿದ್ದಾಳೆ. ನೀವು ಹೊರಟಾಗ ಮೊಣಕೈ ಮುಟ್ಟುತ್ತಿದ್ದಳು.

ಫೋನು ಇರುವಾಗ ಪತ್ರ ಏಕೆ ಎಂದು ಕೇಳುತ್ತೀರಿ. ಹಡಗಿನಿಂದ ಮಾತಾಡುವಾಗ ನಿಮ್ಮ ಮುಖ ಅರ್ಧಕ್ಕೆ ನಿಂತುಬಿಡುತ್ತದೆ, ಬಾಯಿ ತೆರೆದುಕೊಂಡೇ ಇರುತ್ತೀರಿ. ಮೇಲಾಗಿ ಪಕ್ಕದಲ್ಲಿ ಅತ್ತೆ, ತೊಡೆಯ ಮೇಲೆ ಗುಂಡ. ಹೋದ ವಾರ ನೀವು ‘ಸಮುದ್ರ ಹೇಗಿತ್ತು?’ ಎಂದಾಗ ‘ಚೆನ್ನಾಗಿತ್ತು’ ಎಂದು ಹೇಳಿ ಫೋನನ್ನು ಗುಂಡನ ಕೈಗೆ ಕೊಟ್ಟೆ. ಅಷ್ಟರಲ್ಲಿ ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಕಂಪನಿಯ ಆಫೀಸಿಗೆ ಕೊಟ್ಟರೆ ಮುಂದಿನ ಬಂದರಿನಲ್ಲಿ ತಲುಪಿಸುತ್ತಾರಂತೆ. ಕುಳಿತು ಓದಿ, ಎಂಜಿನ್ ಪಕ್ಕದಲ್ಲಿ ಅಲ್ಲ.

ಮೊದಲು ರಜೆ ಕೇಳಿದ ಕಥೆ. ದೊಡ್ಡ ಮೇಡಂ, ಅಂದರೆ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ಕೂದಲು ಕತ್ತರಿಸಿಕೊಳ್ಳಲು ನಮ್ಮ ಪಾರ್ಲರಿಗೇ ಬರುತ್ತಾರೆ, ನನ್ನ ಕುರ್ಚಿಗೇ. ಕುತ್ತಿಗೆಯ ಹತ್ತಿರ ಕತ್ತರಿ ಹಿಡಿದುಕೊಂಡು ಕೇಳಿದರೆ ಹೆದರಿಸಿದಂತಾಗುತ್ತದೆ ಎಂದು, ಕೆಲಸ ಮುಗಿಸಿ ಬಟ್ಟೆ ಕೊಡವಿದ ಮೇಲೆ ಕೇಳಿದೆ. ನಿಮ್ಮ ಹಡಗು ರಿಪೇರಿಗೆಂದು ಬಂದರಿಗೆ ಬರುವುದು ಶಾಲೆ ನಡೆಯುವ ವಾರ, ನಿಮ್ಮನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಆಗಲೇ ಅಲ್ಲಿಗೆ ಹೋಗಬೇಕು. ದೊಡ್ಡ ರಜೆಯಲ್ಲಿ ಹೋಗೋಣವೆಂದರೆ ಆಗ ನೀವು ಸಮುದ್ರದ ಯಾವ ಮೂಲೆಯಲ್ಲೋ. ಮೇಲೆ ರಜೆ ಬಂತೆಂದರೆ ಸಾಕು, ಬಸ್ಸಿನವರೂ ಲಾಡ್ಜಿನವರೂ ಮಾತಾಡಿಕೊಂಡವರಂತೆ ದರ ದುಪ್ಪಟ್ಟು ಮಾಡುತ್ತಾರೆ, ನಾಲ್ಕು ಜನ ಹೋಗುವುದು ನಮ್ಮ ಕೈಯಲ್ಲಾಗುವ ಮಾತಲ್ಲ. ಎಲ್ಲ ಹೇಳಿದೆ. ಮೇಡಂ ಕನ್ನಡಿಯಲ್ಲೇ ನನ್ನನ್ನು ನೋಡಿದರು. ‘ನೋಡಮ್ಮ, ಇದೇ ಕಾರಣ ಹೇಳ್ಕೊಂಡು ಈ ವರ್ಷ ಎಷ್ಟೋ ಜನ ಬಂದ್ರು. ಎಲ್ರಿಗೂ ಹೂಂ ಅಂದ್ರೆ ನಾವು ಬೆಂಚುಗಳಿಗೆ ಪಾಠ ಮಾಡ್ಬೇಕಾಗುತ್ತೆ. ವಾಪಸ್ ಬಂದ್ಮೇಲೆ ಆ ಮಕ್ಕಳು ಕಣ್ಣು ಕಣ್ಣು ಬಿಡ್ತಾವೆ, ಅದನ್ನ ನೋಡೋಳು ನಾನು.’ ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬಾಗಿಲ ಹತ್ತಿರ ಹೋದವರು ತಿರುಗಿ, ‘ನಾನು ಒಪ್ಪಿಗೆ ಕೊಡಲ್ಲ. ನೀವು ಹೋದ್ರೆ ಕಟ್ಟಿ ಹಾಕೋಕೂ ಆಗಲ್ಲ. ಆದ್ರೆ ಆ ವಾರ ನಿಮ್ಮ ಹುಡುಗಿಯ ಓಟ ಇದೆ, ಅದನ್ನ ಅವಳನ್ನೇ ಕೇಳಿ’ ಎಂದರು.

ಆ ಓಟದ ವಿಷಯ ನಿಮಗೆ ಯಾರೂ ಹೇಳಿರಲಿಲ್ಲ, ಅವಳೇ ಬೇಡವೆಂದಿದ್ದಳು. ಊರಿನ ಶಾಲೆಗಳೆಲ್ಲ ಸೇರುವ ರಿಲೇ. ಕೋಲು ಹಿಡಿದು ಕೊನೆಯಲ್ಲಿ ಓಡುವವಳು ನಿಮ್ಮ ಮಗಳು, ಅಂದರೆ ಎಲ್ಲರಿಗಿಂತ ಜೋರು. ದಿನಾ ಬೆಳಿಗ್ಗೆ ಹಾಲಿನ ಅಂಗಡಿಯವರೆಗೆ ಓಡಿ ಹೋಗಿ ಓಡಿ ಬರುತ್ತಿದ್ದಳು. ಹಾಲು ಮನೆಗೆ ಬರುವಷ್ಟರಲ್ಲಿ ನೊರೆಯಾಗಿರುತ್ತಿತ್ತು. ನಾನು ಕೇಳಿದಾಗ ಶೂಗೆ ಲೇಸು ಕಟ್ಟುತ್ತಾ ಕುಳಿತಿದ್ದಳು. ತಲೆ ಎತ್ತಲಿಲ್ಲ. ‘ಓಟ ವರ್ಷಕ್ಕೊಂದ್ಸಲ. ಅಪ್ಪ ಅದೂ ಇಲ್ಲ. ಅಪ್ಪನೇ ಇರ್ಲಿ’ ಎಂದಳು. ಮಾರನೆಯ ದಿನ ತಾನೇ ಹೋಗಿ ತನ್ನ ಜಾಗವನ್ನು ಗೆಳತಿಗೆ ಬಿಟ್ಟುಕೊಟ್ಟು ಬಂದಳು.

ಬಸ್ಸಿನಲ್ಲಿ ಗುಂಡ ದಾರಿಯುದ್ದಕ್ಕೂ ಶಾಲೆಯ ಪ್ರತಿ ಗಂಟೆಯನ್ನೂ ಹೇಳಿ ಹೇಳಿ ಖುಷಿಪಟ್ಟ: ಈಗ ಲೆಕ್ಕ ನಡೀತಿದೆ, ಈಗ ಊಟ ಬಿಟ್ಟಿದಾರೆ. ಅತ್ತೆ ನಿಮಗೆಂದು ಹೆಣೆದ ಸ್ವೆಟರನ್ನು ಚೀಲದಲ್ಲಿ ಇಟ್ಟರೆ ಮಡಿಕೆ ಬೀಳುತ್ತದೆಂದು ಮಡಿಲಲ್ಲೇ ಇಟ್ಟುಕೊಂಡಿದ್ದರು. ನಾನು ನನ್ನ ಕೂದಲಿಗೆ ಬಣ್ಣ ಹಾಕಿಕೊಂಡಿದ್ದೆ. ಊರಿನ ಹೆಂಗಸರಿಗೆಲ್ಲ ಹಾಕುವವಳು ನನಗೆ ಹಾಕಿಕೊಂಡದ್ದು ಅದೇ ಮೊದಲು. ಲಾಡ್ಜಿನ ಯಜಮಾನಿ ನಮ್ಮನ್ನು ಕಂಡವಳೇ ಕೀಲಿ ಕೊಡುವ ಮೊದಲು ಫೋನು ಕೊಟ್ಟಳು. ಮುಂದಿನದು ನಿಮಗೇ ಗೊತ್ತು. ಹಡಗನ್ನು ಬೇರೆ ಬಂದರಿಗೆ ತಿರುಗಿಸಿದ್ದಾರೆ ಎಂದಿರಿ, ‘ನನ್ನ ಕೈಯಲ್ಲಿ ಏನಿದೆ ಹೇಳು’ ಎಂದಿರಿ, ಆಮೇಲೆ ಬರೀ ಗಾಳಿಯ ಸದ್ದು. ನಿಮ್ಮ ಮೇಲೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಒಳ್ಳೆಯದಿತ್ತು, ಅದು ಇಳಿಯುತ್ತದೆ.

ಲಾಡ್ಜಿನವಳು ಹಣ ವಾಪಸು ಕೊಡುವಂತಿರಲಿಲ್ಲ, ಬಸ್ಸಿನ ಟಿಕೇಟೂ ಬದಲಾಗುವಂತಿರಲಿಲ್ಲ. ಅಗ್ಗದ್ದು ಎಂದರೆ ಹಾಗೆಯೇ ತಾನೆ. ವಾರ ಪೂರ್ತಿ ಉಳಿದೆವು. ಸೀಸನ್ ಇಲ್ಲದ ಸಮುದ್ರ ನೀವು ನೋಡಿರಲಾರಿರಿ, ನಿಮ್ಮದು ಯಾವಾಗಲೂ ಕೆಲಸದ ಸಮುದ್ರ. ಅಂಗಡಿಗಳ ಷಟರು ಎಳೆದಿತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟಿದ್ದರು. ದಡದ ಮೇಲೆ ನಾವೇ ನಾವು. ದೂರದಲ್ಲಿ ಯಾವ ಹಡಗು ಕಂಡರೂ ಗುಂಡ ಎರಡೂ ಕೈ ಬೀಸುತ್ತಿದ್ದ. ‘ಅದು ಅಪ್ಪನದಲ್ಲ ಕಣೋ’ ಎಂದರೆ, ‘ಇರ್ಲಿ, ಅದ್ರಲ್ಲೂ ಯಾರದ್ದೋ ಅಪ್ಪ ಇರ್ತಾರೆ’ ಎನ್ನುತ್ತಿದ್ದ. ಅತ್ತೆ ಚಪ್ಪಲಿ ಬಿಡದೆ ನೀರಿಗಿಳಿದು ಒಂದು ಚಪ್ಪಲಿ ಕಳೆದುಕೊಂಡರು, ‘ಮಗನ್ನ ಇಟ್ಕೊಂಡಿದ್ದು ಸಾಲ್ದಾ ನಿಂಗೆ’ ಎಂದು ಸಮುದ್ರವನ್ನು ಬೈದರು. ನಾವು ನಕ್ಕೆವು. ದೊಡ್ಡವಳು ನಗಲಿಲ್ಲ. ನೀರಿಗೂ ಇಳಿಯಲಿಲ್ಲ. ಕೋಣೆಯಲ್ಲಿ ನಿಮಗೆಂದು ಇಟ್ಟಿದ್ದ ಟವೆಲನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ.

ಓಟದ ದಿನ ಬಂತು. ಊರಿನಲ್ಲಿ ಓಟ ಶುರುವಾಗುವ ಹೊತ್ತಿಗೆ ದೊಡ್ಡವಳು ಎದ್ದು ಶೂ ಹಾಕಿಕೊಂಡು ದಡಕ್ಕೆ ಹೋದಳು, ನಾನು ಹಿಂದೆಯೇ ಹೋದೆ. ಒದ್ದೆ ಮರಳಿನ ಮೇಲೆ ಹಿಮ್ಮಡಿಯಿಂದ ಒಂದು ಗೆರೆ ಎಳೆದಳು. ಎಡಗೈಯನ್ನು ಹಿಂದೆ ಚಾಚಿ ನಿಂತಳು, ಯಾರೋ ಕೋಲು ತಂದುಕೊಡುವವರಿದ್ದಾರೆ ಎಂಬಂತೆ. ನಾನು ಹೋಗಿ ಏನನ್ನಾದರೂ ಆ ಕೈಗೆ ಇಡಬೇಕೆನಿಸಿತು. ಆಮೇಲೆ ಓಡಿದಳು. ರೀ, ನಿಮ್ಮ ಮಗಳು ಓಡುವುದನ್ನು ನೀವು ನೋಡಬೇಕು. ಮೊಣಕೈ ಮಡಚಿ, ಗಲ್ಲ ಎತ್ತಿ, ಹಿಂತಿರುಗಿ ನೋಡದೆ. ದೋಣಿಗಳನ್ನು ಎಳೆದು ಹಾಕಿದ್ದ ಕಡೆಯವರೆಗೂ ಓಡಿ, ಅಲ್ಲಿಂದ ನಡೆದುಕೊಂಡು ಬಂದಳು. ಬಂದು ನನ್ನ ಪಕ್ಕ ಕುಳಿತು ಉಸಿರು ಸುಧಾರಿಸಿಕೊಂಡು ಹೇಳಿದಳು: ‘ಅಪ್ಪ ಬರ್ಲಿಲ್ಲ ಅಂತ ಬೇಜಾರಿಲ್ಲಮ್ಮ. ಪ್ರತಿ ಸಲ ಬರ್ತೀನಿ ಅಂತಾರಲ್ಲ, ಅದಕ್ಕೆ.’ ಬೆನ್ನು ಸವರಿದೆ. ಬೆನ್ನು ಬೆವರಿನಿಂದ ಒದ್ದೆಯಾಗಿತ್ತು, ಅವಳು ನನ್ನ ಕೈ ಸರಿಸಲಿಲ್ಲ, ಅಷ್ಟೇ ಸಮಾಧಾನ.

ಊರಿಗೆ ಬಂದ ಮೇಲೆ ಗೊತ್ತಾಯಿತು, ಅವಳ ತಂಡ ಸೋತಿದೆ. ಗೆಳತಿ ಕೋಲು ಬೀಳಿಸಿದ್ದಳಂತೆ. ತರಗತಿಯಲ್ಲಿ ಇವಳೊಂದಿಗೆ ಕೆಲವರು ಮಾತು ಬಿಟ್ಟಿದ್ದಾರೆ. ಬೀಳಿಸಿದವಳನ್ನು ಬಿಟ್ಟು ಬಾರದವಳ ಮೇಲೆ ಕೋಪ. ಇವಳು ಅದನ್ನು ನನಗೆ ಹೇಳಲಿಲ್ಲ, ಗುಂಡ ಹೇಳಿದ. ಮೊನ್ನೆ ದೊಡ್ಡ ಮೇಡಂ ಪಾರ್ಲರಿಗೆ ಬಂದರು. ‘ಸಿಕ್ಕಿದ್ರಾ ನಿಮ್ಮೆಜಮಾನ್ರು?’ ಎಂದು ಕೇಳಿದರು. ‘ಇಲ್ಲ ಮೇಡಂ’ ಎಂದೆ. ಬುದ್ಧಿ ಹೇಳುತ್ತಾರೆಂದು ಕಾದೆ. ಅವರು ಏಳುವಾಗ, ‘ಹುಡುಗಿಯನ್ನ ಸಂಜೆ ನನ್ನ ಹತ್ರ ಕಳ್ಸಿ, ತಪ್ಪಿಹೋದ ಪಾಠ ನಾನೇ ಮಾಡ್ತೀನಿ’ ಎಂದರು. ಈಗ ದಿನಾ ಹೋಗುತ್ತಿದ್ದಾಳೆ. ಹಾಲಿನ ಅಂಗಡಿಗೆ ಮಾತ್ರ ನಡೆದುಕೊಂಡು ಹೋಗುತ್ತಾಳೆ.

ನನ್ನ ವಿಷಯ ಏನು ಬರೆಯಲಿ. ಕೂದಲ ಬಣ್ಣ ಬುಡದಲ್ಲಿ ಬಿಡುತ್ತಿದೆ. ನೀವು ನೋಡಿದ್ದರೆ ನಗುತ್ತಿದ್ದಿರಿ, ಆಮೇಲೆ ಚೆನ್ನಾಗಿದೆ ಎನ್ನುತ್ತಿದ್ದಿರಿ. ಆ ಎರಡನ್ನೂ ನಾನೇ ಕನ್ನಡಿಯ ಮುಂದೆ ಅಂದುಕೊಳ್ಳುತ್ತೇನೆ. ಪಾರ್ಲರಿನಲ್ಲಿ ಯಾರಾದರೂ ‘ನಮ್ಮೆಜಮಾನ್ರು ಮನೇಲೇ ಕೂತಿರ್ತಾರೆ, ತಲೆ ತಿಂತಾರೆ’ ಎಂದು ದೂರಿದರೆ, ನನ್ನ ಕತ್ತರಿ ಒಂದು ಕ್ಷಣ ನಿಲ್ಲುತ್ತದೆ. ನನ್ನ ತಲೆ ತಿನ್ನುವವರು ಬೇಕು ನನಗೆ. ಸಂಜೆ ಬಾಗಿಲ ಹತ್ತಿರ ದೊಡ್ಡ ಅಳತೆಯ ಚಪ್ಪಲಿ ಬೇಕು, ಅದನ್ನು ಎಡವಿ ನಾನು ಗೊಣಗಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಎಂಜಿನ್ ಬಿಸಿಯಿಂದ ಹಾಗೇ ಡೆಕ್ಕಿನ ಗಾಳಿಗೆ ಹೋಗಬೇಡಿ. ಅತ್ತೆ ತಲೆ ಮುಟ್ಟಿ ಹರಸಿದ್ದೇನೆಂದು ಬರಿ ಎಂದರು, ಬರೆದಿದ್ದೇನೆ. ಗುಂಡ ಹಲ್ಲು ಬಿದ್ದರೆ ಅದನ್ನೂ ಕಳಿಸುತ್ತಾನಂತೆ. ದೊಡ್ಡವಳು ಏನೂ ಹೇಳಲಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮವಳು

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲವಾದರೆ ಧೈರ್ಯ ಹೋಗುತ್ತದೆ. ಏಪ್ರಿಲಿನಲ್ಲಿ ಕಂಪನಿಯವರು ಇನ್ನೂ ಮೂರು ವರ್ಷಕ್ಕೆ ಸಹಿ ಕೇಳುತ್ತಾರಲ್ಲ, ಹಾಕಬೇಡಿ. ಇಲ್ಲಿಯ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕಟ್ಟುವವರು ಬೇಕಾಗಿದ್ದಾರೆ. ಮೇಲ್ವಿಚಾರಕರ ಹೆಂಡತಿ ನನ್ನ ಕುರ್ಚಿಗೆ ಬರುವವಳು, ನಾನೇ ಬಾಯಿಬಿಟ್ಟು ಕೇಳಿದೆ. ಸಂಬಳ ಕಡಿಮೆ, ಮಕ್ಕಳೊಂದಿಗೆ ಸಮುದ್ರ ನೋಡಲು ಹೋಗುವುದು ಇನ್ನು ಕನಸೇ. ಹೋಗದಿದ್ದರೆ ಬೇಡ. ಅತ್ತೆಗೂ ಹೇಳಿದ್ದೇನೆ, ಒಪ್ಪಿದ್ದಾರೆ. ಮಕ್ಕಳಿಗೆ ಹೇಳಿಲ್ಲ. ನೀವೂ ಫೋನಿನಲ್ಲಿ ದೊಡ್ಡವಳಿಗೆ ಬರುತ್ತೇನೆ ಎಂದು ಹೇಳಬೇಡಿ. ಬಂದುಬಿಡಿ.