ಉಳಿದ ಏಳು ದಿನದ ಮಾತ್ರೆ

ಬೈಂಡಿಂಗ್ ಅಂಗಡಿ
ಮಾರ್ಚ್ 12, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಅಳಿಯಂದಿರು ಹೇಗಿದ್ದಾರೆ? ಊಟವಾದ ಮೇಲೆ ಎದೆಯ ಕೆಳಗೆ ಉರಿಯುತ್ತದೆ ಎಂದು ನೀನು ಹೋದ ತಿಂಗಳು ಬರೆದಿದ್ದೆ. "ಗ್ಯಾಸ್ ಇರಬೇಕು, ಅಮ್ಮನಿಗೂ ಇತ್ತಲ್ಲ" ಎಂದು ತೀರ್ಪನ್ನೂ ನೀನೇ ಕೊಟ್ಟಿದ್ದೆ. ಆ ಸಾಲು ಓದಿದಾಗಿನಿಂದ ಕೈಗೆ ಕೆಲಸ ಹತ್ತುತ್ತಿಲ್ಲ.

ನಾನು ಚೆನ್ನಾಗಿದ್ದೇನೆ. ಅಮ್ಮ ಹೋಗಿ ಮೂರು ತಿಂಗಳಾಗುತ್ತ ಬಂತು, ಶಾಲೆಯ ಹಾಜರಿ ಪುಸ್ತಕಗಳ ಆರ್ಡರ್ ಇನ್ನೂ ಮುಗಿದಿಲ್ಲ. ಹೊಲಿಗೆ ಅವಳದು, ರಟ್ಟು ಅಂಟಿಸುವುದು ನನ್ನದು ಎಂದು ಮೂವತ್ತು ವರ್ಷ ನಡೆದ ಅಂಗಡಿ. ಈಗ ಎರಡೂ ನನ್ನದೇ. ನನ್ನ ಹೊಲಿಗೆ ನೋಡಿದ್ದರೆ "ಇದೇನ್ರೀ, ಗೋಣಿಚೀಲ ಹೊಲಿದಿದ್ದೀರಾ" ಅನ್ನುತ್ತಿದ್ದಳು.

ಒಂದು ವಿಷಯ ನಿನಗೆ ಹೇಳಿಲ್ಲ. ಒಂಬತ್ತು ವರ್ಷದ ಹಿಂದೆ ನನಗೆ ಹೊಟ್ಟೆಯಲ್ಲಿ ಹುಣ್ಣಾಗಿತ್ತಲ್ಲ, ಆಗ ಡಾಕ್ಟರು ಒಳಗೆ ಬ್ಯಾಕ್ಟೀರಿಯಾದ ಸೋಂಕಿದೆ ಎಂದು ಹದಿನಾಲ್ಕು ದಿನದ ಮಾತ್ರೆ ಬರೆದುಕೊಟ್ಟಿದ್ದರು. ಏಳನೆಯ ದಿನಕ್ಕೆ ನೋವು ಮಾಯವಾಯಿತು. ಅಮ್ಮನಿಗೂ ಅದೇ ಉರಿ, ಅದೇ ತೇಗು. ತೋರಿಸಿಕೋ ಅಂದರೆ "ಇಬ್ಬರೂ ಆಸ್ಪತ್ರೆಯಲ್ಲಿ ಕೂತ್ರೆ ಅಂಗಡಿ ಯಾರು ನೋಡ್ತಾರೆ" ಅನ್ನುತ್ತಿದ್ದಳು. ಹಾಗಾದರೆ ಉಳಿದ ಏಳು ದಿನದ್ದು ನೀನು ನುಂಗು ಅಂದವನು ನಾನು. ಒಂದು ಹೊತ್ತೂ ತಪ್ಪಿಸದೆ ನುಂಗಿದಳು. ಅವಳಿಗೂ ವಾಸಿಯಾಯಿತು. ಕೋರ್ಸ್ ಪೂರ್ತಿ ಆಯಿತೇ ಎಂದು ಡಾಕ್ಟರು ಕೇಳಿದಾಗ ಪಕ್ಕದಲ್ಲಿದ್ದ ಅವಳೇ "ಒಂದೂ ಉಳಿಸಿಲ್ಲ ಡಾಕ್ಟ್ರೇ" ಅಂದಳು. ಮನೆಗೆ ಬರುವವರೆಗೂ ಇಬ್ಬರೂ ನಕ್ಕೆವು.

ಹೋದ ತಿಂಗಳ ಕೊನೆಗೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ಆ ನಗುವೊಂದನ್ನು ಬಿಟ್ಟು. ಅರ್ಧ ಕೋರ್ಸಿಗೆ ಆ ಬ್ಯಾಕ್ಟೀರಿಯಾ ಸಾಯುವ ಖಾತ್ರಿಯಿಲ್ಲ, ನೋವು ಹೋದರೂ ಹೊಟ್ಟೆಯ ಒಳಪದರದ ಉರಿಯೂತ ಸದ್ದಿಲ್ಲದೆ ಉಳಿಯಬಹುದು, ವರ್ಷಗಟ್ಟಲೆ ಉಳಿದರೆ ಕೆಲವರಲ್ಲಿ ಅದೇ ಕ್ಯಾನ್ಸರಿಗೆ ದಾರಿಯಾಗಬಹುದು ಅಂದರು. ಸೋಂಕಿದ್ದವರಿಗೆಲ್ಲ ಹಾಗಾಗುವುದಿಲ್ಲವಂತೆ. ಅಮ್ಮನ ಹೊಟ್ಟೆಯ ಕ್ಯಾನ್ಸರ್ ಅದರಿಂದಲೇ ಬಂತು ಎಂದು ಹೇಳಲಾಗದು ಅಂದರು. ಅದರಿಂದ ಅಲ್ಲ ಎಂದಾದರೂ ಹೇಳಲಿ ಎಂದು ಕಾದು ಕೂತೆ. ಹೇಳಲಿಲ್ಲ.

ಕೊನೆಯ ವಾರ ನೀನು ಅವಳ ತಲೆ ಸವರುತ್ತಾ "ಮುಂಚೆಯೇ ಯಾಕೆ ತೋರಿಸಲಿಲ್ಲ ಅಪ್ಪಾ" ಎಂದು ಕೇಳಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು "ಅವರನ್ನೇನು ಕೇಳ್ತೀಯ, ನಾನೇ ಹಟಮಾರಿ" ಅಂದುಬಿಟ್ಟಳು. ಅವತ್ತು ಕೊಡಬೇಕಿದ್ದ ಉತ್ತರ ಇದು.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನೂರು ಕಾಲ ಬಾಳು ಎಂದು ಪ್ರತಿ ಪತ್ರದಲ್ಲೂ ಅಭ್ಯಾಸಕ್ಕೆ ಬರೆಯುತ್ತಿದ್ದೆ, ಈ ಸಲ ಬೇಡಿಕೊಂಡು ಬರೆಯುತ್ತಿದ್ದೇನೆ.

ನಿನ್ನ
ಅಪ್ಪ

ವಿ.ಸೂ.: ಟಪಾಲಿನ ಹೊತ್ತಾಯಿತು. ಈ ಸೋಂಕು ಮನೆಯವರಿಂದ ಮನೆಯವರಿಗೆ ಹರಡುತ್ತದಂತೆ. ಚಿಕ್ಕವಳಿದ್ದಾಗ ನಿನಗೆ ಅಮ್ಮ ತಿನ್ನಿಸಿದ್ದು ತಾನು ಬಾಯಿಗಿಟ್ಟು ಬಿಸಿ ನೋಡಿದ ಚಮಚದಲ್ಲೇ. ಉಸಿರಿನ ಪರೀಕ್ಷೆಯಿದೆ, ಊದಿದರೆ ಸಾಕು. ಈ ವಾರವೇ ಡಾಕ್ಟರ ಹತ್ತಿರ ಹೋಗು. ಮಾತ್ರೆ ಕೊಟ್ಟರೆ ಹದಿನಾಲ್ಕೂ ದಿನ ನೀನೇ ನುಂಗು, ಅಳಿಯಂದಿರಿಗೆ ಹೊಟ್ಟೆ ಉರಿದರೆ ಅವರೇ ಹೋಗಿ ತೋರಿಸಿಕೊಳ್ಳಲಿ. ನನ್ನ ಸೋಂಕೂ ಹೋಗಿರಲಿಲ್ಲ, ಮತ್ತೆ ಮಾತ್ರೆ ಶುರುವಾಗಿದೆ. ಇವತ್ತು ಎಂಟನೆಯ ದಿನ. ಇಲ್ಲಿಂದ ಮುಂದಿನದು ಅವಳ ಪಾಲಿನದು ಅನ್ನಿಸಿ ಬೆಳಗಿನ ಮಾತ್ರೆ ಇನ್ನೂ ಮೇಜಿನ ಮೇಲೇ ಇದೆ. ಅದನ್ನು ನುಂಗಿಯೇ ಲಕೋಟೆ ಅಂಟಿಸುತ್ತೇನೆ.