ಬಸಿನೀರಿಗೆ ಮೀಟರಿಲ್ಲ

ಜೂನ್ ೪, ಬೆಳಿಗ್ಗೆ

ತೂಬಿನ ಮೀಟರ್ ನೋಡಿ ಬಂದೆ. ಕಾಲಲ್ಲಿ ಇನ್ನೂ ಕೆಸರು. ನೀರಿಗೆ ಅಳತೆಯ ಪ್ರಕಾರ ದರ ಬಂದಮೇಲೆ ಎಲ್ಲರೂ ಬದು ಭದ್ರ ಮಾಡಿದ್ದಾರೆ. ಏಡಿ ತೋಡಿದ ತೂತನ್ನೂ ಬಿಟ್ಟಿಲ್ಲ! ಅರ್ಧಕ್ಕರ್ಧ ಉಳಿತಾಯವಂತೆ. ಜಿಲ್ಲಾ ಕೇಂದ್ರ ಕ್ಲಾಟೆನ್‌ನಿಂದ ಅಧಿಕಾರಿಗಳು ಬಂದು ಹೊಗಳಿ ಹೋದರು. ಉಳಿದದ್ದು ಪೇಟೆಯ ನಲ್ಲಿಗೆ. ನೀರು ಬಳಕೆದಾರರ ಸಂಘದ ಅಧ್ಯಕ್ಷೆ ನಾನು — ಹಿಗ್ಗದೆ ಇರಲಾದೀತೇ?

ಗದ್ದೆಯಿಂದ ಬಸಿದು ಹೋಗುವ ನೀರಿಗೆ ಮಾತ್ರ ದರ ಬೇಡವೆಂದು ಹಟ ಹಿಡಿದು ಗೆದ್ದೆ. ಅಕ್ಕನ ಮೀನುಕೊಳ ತುಂಬುವುದೇ ಅದರಿಂದ.

ಜೂನ್ ೧೧

ಸುಮಿನಾ ಅಕ್ಕ ಬಂದಿದ್ದಳು. ಬುಟ್ಟಿಯಲ್ಲಿ ಎರಡು ಗುರಾಮಿ ಮೀನು, ಇನ್ನೂ ಅಂಗೈಯಗಲ. ರಂಜಾನ್ ಉಪವಾಸ ಮುಗಿಯುವ ಲೆಬಾರನ್ ಹಬ್ಬಕ್ಕೆ ಮಾರಬೇಕಾದವು. ಇಷ್ಟು ಬೇಗ ಯಾಕೆ ಹಿಡಿದೆ ಅಂದೆ.

"ಹಿಡೀಲಿಲ್ಲ ಕಣೆ, ತೇಲ್ತಿದ್ವು. ಕೊಳದಲ್ಲಿ ಮೊಣಕಾಲುದ್ದ ನೀರೂ ಇಲ್ಲ."

ಬದು ಭದ್ರವಾದರೆ ಬಸಿಯುವುದೆಲ್ಲಿ? ಬಸಿದದ್ದು ಕೆಳಗಿನವರ ಪಾಲು ಅನ್ನುವುದು ಅಜ್ಜನ ಕಾಲದ ರೂಢಿ. ಅದನ್ನೇ ನಂಬಿ ಅಕ್ಕ ತೂಬಿಲ್ಲದ ತುಂಡು ನೆಲ ತೆಗೆದುಕೊಂಡಳು.

"ನೀರು ಉಳಿಸಿದೀಯಂತಲ್ಲ, ಎಲ್ಲಿಟ್ಟಿದೀಯ? ನಂಗೂ ಒಂದು ಕೊಡ ಕೊಡೇ." ನಕ್ಕಳು. ನನಗೆ ನಗು ಬರಲಿಲ್ಲ.

ಜೂನ್ ೧೩

ಸಂಘದ ಸಭೆಯಲ್ಲಿ ಅಕ್ಕನ ಕೊಳಕ್ಕೆ ಸ್ವಲ್ಪ ನೀರು ಕೇಳಿದೆ. ಪಕ್ಕದ ಗದ್ದೆಯ ಸುಕಾರ್ದಿ ಎದ್ದು ನಿಂತ. "ತೂಬೇ ಇಲ್ದೋರಿಗೆ ಎಲ್ಲೀ ಪಾಲು? ಅಕ್ಕನ ಮೇಲೆ ಅಷ್ಟು ಕರುಳಿದ್ರೆ ನಿಮ್ ಮೀಟರ್ ಓಡಿಸಿ."

ಎಲ್ಲರೂ ನಕ್ಕರು. ಉರಿದುಹೋಯಿತು.

ಜೂನ್ ೨೯

ಬರೆಯಲು ಮನಸ್ಸೇ ಇರಲಿಲ್ಲ. ಅಕ್ಕನ ಕೊಳದ ತಳ ಕಾಣುತ್ತಿದೆ. ಉಳಿದ ಮೀನೆಲ್ಲ ಒಂದು ಮೂಲೆಯ ಗುಂಡಿಯಲ್ಲಿ ಒದ್ದಾಡುತ್ತಿವೆ. ನಾಳೆ ನನ್ನ ತೂಬು ಪೂರ್ತಿ ಎತ್ತುತ್ತೇನೆ. ಮೀಟರ್ ಓಡಿದರೆ ಓಡಲಿ.

ಗಂಡ: "ದುಡ್ಡು ಕೊಟ್ಟು ನೀರು ಚೆಲ್ಲೋ ಅಧ್ಯಕ್ಷೆ ನೀನೊಬ್ಳೇ ಇರ್ಬೇಕು." ಇರಲಿ.

ಜೂನ್ ೩೦

ಎತ್ತಿದೆ. ನೀರು ಗದ್ದೆ ತುಂಬಿ, ಬದು ದಾಟಿ ಬಸಿಗಾಲುವೆಗೆ ಇಳಿಯಿತು. ಅದರ ಜೊತೆಗೇ ದಂಡೆಯ ಮೇಲೆ ನಡೆದೆ. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ...

ಸುಕಾರ್ದಿಯ ಗದ್ದೆಯ ತಿರುವಿನಲ್ಲಿ ನೀರಿನ ಸದ್ದು ನಿಂತಿತು. ಮುಂದೆ ಬರೀ ಕೆಸರು. ಕಾಲುವೆಯೊಳಗೆ ದಪ್ಪ ಪೈಪು, ದಂಡೆಯ ಮೇಲೆ ಹೊಸ ಪಂಪು, ನೀರೆಲ್ಲ ಅವನ ಗದ್ದೆಗೆ. ಅವನ ತೂಬು ಮುಚ್ಚಿತ್ತು, ಅವನು ಪಂಪಿನ ಪಕ್ಕದಲ್ಲೇ ಇದ್ದ.

"ನಿಲ್ಸಯ್ಯ ಅದನ್ನ!"

"ಯಾಕೆ ಅಧ್ಯಕ್ಷರೇ? ಬಸಿನೀರಿಗೆ ದರ ಇಲ್ಲ. ನೀವೇ ಮಾಡ್ಸಿದ ನಿರ್ಣಯ."

ಕೆಳಗಿನಿಂದ ಅಕ್ಕ ಕೂಗಿದಳು. "ಬಿಟ್ಯೇನೇ? ಇನ್ನೂ ಬಂದಿಲ್ವಲ್ಲೇ!"

ಬರ್ತಾ ಇದೆ ಅಂದುಬಿಟ್ಟೆ. ಅವಳು ಕೊಳದ ಬಾಯಿ ಅಗಲ ಮಾಡಲು ಗುದ್ದಲಿ ಎತ್ತಿಕೊಂಡಳು. ನಾನು —